ಖಾಲಿ ಗಾಡಿಯ ತೂಕ

ಜೂನ್ ಒಂದು, ಭಾನುವಾರ. ಬೆಳಿಗ್ಗೆ ಆರು ಗಂಟೆ ಇಪ್ಪತ್ತು ನಿಮಿಷಕ್ಕೆ ಈ ಪತ್ರಿಕೆಗೆ ಕಳಿಸಲೆಂದು ಬರೆಯಲು ಕುಳಿತೆ.

ನಿನ್ನೆ ಮಧ್ಯಾಹ್ನ ಮೂರು ಗಂಟೆಗೆ ನಮ್ಮ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಕ್ಕನಿಗೆ ಬೀಳ್ಕೊಡುಗೆ ಆಯಿತು. ಹಾರ ಒಂದು, ಶಾಲು ಎರಡು, ಭಾಷಣ ನಾಲ್ಕು. ನಾಲ್ಕನೆಯದು ನನ್ನದು. ಅದು ಕಾರ್ಯಕ್ರಮದ ಪಟ್ಟಿಯಲ್ಲಿ ಇರಲಿಲ್ಲ. ಎರಡು ವರ್ಷ ಒಂದು ತಿಂಗಳು ನುಂಗಿಕೊಂಡಿದ್ದ ಮಾತನ್ನು ಆಡಿ ಕುಳಿತಾಗ ಎದೆ ಹಗುರಾಗಿತ್ತು. ಇವತ್ತು ಅಲಾರಂ ಹೊಡೆಯುವ ಮೊದಲೇ ಎಚ್ಚರವಾಯಿತು. ಚಹಾ ಕುಡಿದು ನೋಟ್‌ಬುಕ್ ತೆಗೆದೆ.

ದಿನಚರಿ ಬರೆಯುವುದು ನನಗೆ ಹೈಸ್ಕೂಲಿನಿಂದ ಬಂದ ಚಟ. ಯಾವ ಬಸ್ಸು ಎಷ್ಟು ಹೊತ್ತಿಗೆ ಬಂತು, ಲ್ಯಾಬಿನಲ್ಲಿ ಎಷ್ಟು ಸ್ಯಾಂಪಲ್ ನೋಡಿದೆ, ಯಾರು ಏನಂದರು, ಎಲ್ಲಕ್ಕೂ ತಾರೀಖು ಇದೆ. ಕೆಲಸಕ್ಕೆ ಸೇರಿದ ಮೇಲೆ ಐದು ನೋಟ್‌ಬುಕ್ ತುಂಬಿವೆ. ಅವುಗಳಲ್ಲಿ ಅಕ್ಕನ ಹೆಸರು ಒಂದು ಕಡೆಯೂ ಇಲ್ಲ, 'ಅಕ್ಕ' ಎಂದಷ್ಟೇ ಇದೆ. ಇಲ್ಲಿಯೂ ಹಾಗೆಯೇ ಇರಲಿ. ಹೆಸರು ಹಾಕಿ ಬರೆಯಲಾ ಎಂದು ಒಮ್ಮೆ ಕೇಳಿದ್ದಕ್ಕೆ, "ಹೆಸರು ತಗೊಂಡು ಏನ್ ಮಾಡ್ತಿ? ಲಾರಿಗೆ ನಂಬರ್ ಇದ್ರ ಸಾಕು" ಅಂದಿದ್ದರು.

ಆಕೆ ನನ್ನ ಒಡಹುಟ್ಟಿದವರಲ್ಲ. ಹೊಸಪೇಟೆಯಿಂದ ಸಂಡೂರಿನ ಕಡೆ ಹೋಗುವ ದಾರಿಯಲ್ಲಿರುವ ನಮ್ಮ ಕಾರ್ಖಾನೆಯಲ್ಲಿ, ಅದಿರು ತರುವ ಲಾರಿಗಳನ್ನು ತೂಗುವ ವೇಬ್ರಿಡ್ಜಿನಲ್ಲಿ ಆಕೆ ಗುಮಾಸ್ತೆ. ಡ್ರೈವರುಗಳು ಅದನ್ನು ಕಾಟಾ ಎನ್ನುತ್ತಾರೆ, ಆಕೆಯನ್ನು ಕಾಟಾ ಅಕ್ಕ ಎನ್ನುತ್ತಿದ್ದರು. ಸೀರೆಯ ಮೇಲೆ ಕಂಪನಿಯ ಖಾಕಿ ಅಂಗಿ, ಕುತ್ತಿಗೆಗೆ ದಾರ ಕಟ್ಟಿ ಇಳಿಬಿಟ್ಟ ಕನ್ನಡಕ. ಮುಖ ಎಷ್ಟು ಸಲ ತೊಳೆದರೂ ಕಿವಿಯ ಮಡಿಕೆಯಲ್ಲಿ ಕೆಂಪು ದೂಳು ಹಾಗೇ ಇರುತ್ತಿತ್ತು. ಲಾರಿ ಬಂದು ನಿಂತ ಕೂಡಲೆ ಕಿಟಕಿಯಿಂದ ಕತ್ತು ಹೊರಗೆ ಹಾಕಿ, "ಇಳೀರಿ ಡ್ರೈವರ್ ಸಾಹೇಬ್ರೇ, ನೀವು ಅದಿರಲ್ಲ" ಎನ್ನುತ್ತಿದ್ದರು. ಡ್ರೈವರ್ ಗೊಣಗುತ್ತ ಇಳಿಯುತ್ತಿದ್ದ. "ನೀರಿನ ಕ್ಯಾನೂ ಇಳಸ್ರಿ. ಅದೂ ಅದಿರಲ್ಲ."

ವೇಬ್ರಿಡ್ಜಿನ ಕೆಲಸ ಗೊತ್ತಿಲ್ಲದವರಿಗೆ ಒಂದು ಮಾತು. ತುಂಬಿದ ಲಾರಿಯನ್ನು ಒಮ್ಮೆ ತೂಗುತ್ತಾರೆ. ಮಾಲು ಇಳಿಸಿದ ಮೇಲೆ ಅದೇ ಲಾರಿಯನ್ನು ಖಾಲಿಯಾಗಿ ಇನ್ನೊಮ್ಮೆ ತೂಗುತ್ತಾರೆ. ಮೊದಲಿನದರಲ್ಲಿ ಎರಡನೆಯದನ್ನು ಕಳೆದರೆ ಮಾಲಿನ ತೂಕ ಸಿಗುತ್ತದೆ. ಇದು ಅಕ್ಕನಿಗೆ ಬರೀ ಕೆಲಸವಾಗಿರಲಿಲ್ಲ. ಮನುಷ್ಯರನ್ನೂ ಆಕೆ ಹೀಗೆಯೇ ನೋಡುತ್ತಿದ್ದರು.

ಕಂಪನಿಯಲ್ಲಿ ನೌಕರರ ಬಳಗ ಎಂದು ಕೆಲವು ಗುಂಪುಗಳಿವೆ. ವಿಕಲಚೇತನ ನೌಕರರದು ಒಂದು, ಮನೆತನದಲ್ಲಿ ಮೊದಲ ಸಲ ಕಾಲೇಜು ಕಂಡವರದು ಒಂದು, ಹೆಂಗಸರದು ಒಂದು. ವಾರಕ್ಕೊಂದು ಗಂಟೆ ಕೆಲಸದ ಹೊತ್ತಿನಲ್ಲೇ ಸೇರಿ ಮಾತಾಡಬಹುದು. ಎಲ್ಲ ಬಗೆಯ ಮನೆಗಳ ಮಕ್ಕಳೂ ಕಂಪನಿಗೆ ಬರಲಿ ಎಂದು, ಕಾಲೇಜುಗಳಿಗೆ ಆಯ್ಕೆಗೆ ಹೋಗುವಾಗ ಈ ಬಳಗದವರನ್ನೂ ಕರೆದುಕೊಂಡು ಹೋಗಬೇಕೆಂದು ಮೇಲಿನವರು ನಿಯಮ ಮಾಡಿದರು. ಹೆಂಗಸರ ಬಳಗಕ್ಕೆ ಅಕ್ಕ ಅಧ್ಯಕ್ಷೆ.

ಮೊದಲ ವರ್ಷ ಏನಾಯಿತೆಂಬುದು ನಾನು ಸೇರುವ ಮುಂಚಿನ ಕಥೆ, ಬಳಗದವರು ಹೇಳಿದ್ದು. ಹೊಸಪೇಟೆಯ ಒಂದು ಪಾಲಿಟೆಕ್ನಿಕ್ಕಿನಲ್ಲಿ ಆಯ್ಕೆ. ಸಂಡೂರು, ಕಂಪ್ಲಿ ಕಡೆಯ ಮಕ್ಕಳೂ ಅಲ್ಲಿಗೇ ಬರುತ್ತಾರೆ. ಬಳಗದ ಐದು ಜನಕ್ಕೆ ಒಂದೇ ಬಣ್ಣದ ರೇಷ್ಮೆ ಸೀರೆ ಉಟ್ಟು ಬರಲು ಹೇಳಿದ್ದರಂತೆ. ಹೋದ ಮೇಲೆ ಗೇಟಿನ ಹತ್ತಿರ ಮೇಜು ಹಾಕಿ, ಬಂದವರಿಗೆ ಗುಲಾಬಿ, ಪೆನ್ನು, ಕಂಪನಿಯ ಚೀಟಿ ಕೊಡಿ ಅಂದರಂತೆ. ಫೋಟೋ ತೆಗೆದರಂತೆ. ಮಧ್ಯಾಹ್ನದವರೆಗೆ ಗುಲಾಬಿ ಹಂಚಿದ ಅಕ್ಕ, ಬುಟ್ಟಿಯನ್ನು ಹಿಡಿದುಕೊಂಡೇ ಸಂದರ್ಶನದ ಕೋಣೆಗೆ ನುಗ್ಗಿದರಂತೆ.

"ಸಾಹೇಬ್ರೇ, ನಾವೇನು ಇಲ್ಲಿ ಬೀಗರನ್ನ ಎದುರುಗೊಳ್ಳಾಕ ಬಂದೀವೇನ್ರಿ? ಒಳಗ ಹೆಣ್ಣು ನೋಡೋರು ನೀವು, ಹೊರಗ ಹೂವು ಕೊಡೋರು ನಾವು! ಒಂದು ಕುರ್ಚಿ ಕೊಡ್ರಿ. ಮಾತಾಡಲ್ಲ, ಕುಂದ್ರತೀನಿ."

ಕುರ್ಚಿ ಕೊಟ್ಟರು. ಬಾಗಿಲ ಪಕ್ಕದಲ್ಲಿ, ಚಪ್ಪಲಿ ಬಿಡುವ ಜಾಗದ ಹತ್ತಿರ. ಅಂಕ ಹಾಕುವ ಹಕ್ಕು ಇಲ್ಲ.

ಅದೇ ಕುರ್ಚಿಯಲ್ಲಿ ಕುಳಿತಿದ್ದಾಗಲೇ ನಾನು ಆಕೆಯನ್ನು ಮೊದಲು ನೋಡಿದ್ದು. ನನ್ನ ಸಂದರ್ಶನ ಮೂರು ವರ್ಷದ ಹಿಂದೆ, ಮಾರ್ಚ್ ಹನ್ನೊಂದು, ಬೆಳಿಗ್ಗೆ ಹತ್ತೂ ಐವತ್ತಕ್ಕೆ. ಆಗಿನ ಮ್ಯಾನೇಜರು ಇಂಗ್ಲಿಷಿನಲ್ಲಿ ಮೂರು ಪ್ರಶ್ನೆ ಕೇಳಿದರು. ಒಂದಕ್ಕೆ ಉತ್ತರ ಬಂತು, ಎರಡಕ್ಕೆ ಬರಲಿಲ್ಲ. ಅಪ್ಪ ಕಂಪ್ಲಿಯಲ್ಲಿ ಹಮಾಲಿ, ನಮ್ಮ ಮನೆಯಲ್ಲಿ ಇಂಗ್ಲಿಷ್ ಅಂದರೆ ಔಷಧದ ಡಬ್ಬಿಯ ಮೇಲಿನ ಅಕ್ಷರ ಅಷ್ಟೇ. ಆಯಿತು, ಹೋಗಬಹುದು ಎಂದು ಅವರು ಹೇಳುವುದರೊಳಗೆ ಬಾಗಿಲ ಕಡೆಯಿಂದ ದನಿ ಬಂತು.

"ಒಂದು ಕೇಳ್ಲೇನ್ರಿ? ತಂಗಿ, ಇವತ್ತು ಎಷ್ಟಕ್ಕ ಎದ್ದಿ? ಇಲ್ಲಿಗೆ ಬರೋದ್ರೊಳಗ ಏನೇನು ಮಾಡಿದಿ?"

ನಾಲ್ಕೂವರೆಗೆ ಎದ್ದೆ, ಹನ್ನೊಂದು ರೊಟ್ಟಿ ಬಡಿದೆ, ಅಪ್ಪನಿಗೆ ನಾಲ್ಕು ಕಟ್ಟಿದೆ, ತಮ್ಮಂದಿರಿಗೆ ಐದು, ಎರಡು ನನಗೆ. ಆರೂ ಹತ್ತರ ಬಸ್ಸು ಇವತ್ತು ಆರೂ ಹದಿನೆಂಟಕ್ಕೆ ಬಂತು ಎಂದೆ.

ಅಕ್ಕ ಜೋರಾಗಿ ನಕ್ಕರು. "ರೊಟ್ಟಿ ಎಣಿಸಿ ಬಡಿಯೋಳು, ಬಸ್ಸಿನ ನಿಮಿಷ ನೆನಪಿಟ್ಕೊಳ್ಳೋಳು. ಲ್ಯಾಬಿಗೆ ಇಂಥಾಕಿ ಬೇಕ್ರಿ ಸಾಹೇಬ್ರೇ. ಅದಿರಿನ ಸ್ಯಾಂಪಲ್ ಇಂಗ್ಲಿಷ್ ಕೇಳಂಗಿಲ್ಲ."

ನನಗೆ ಕೆಲಸ ಸಿಕ್ಕಿತು. ಆದರೆ ಅದು ಆ ಮಾತಿನಿಂದ ಸಿಕ್ಕಿತೆಂದು ನನಗೆ ಅನ್ನಿಸಲೇ ಇಲ್ಲ. ಅರ್ಜಿಯಲ್ಲಿ 'ನೀವು ಎದುರಿಸಿದ ಒಂದು ಕಷ್ಟ' ಎಂಬ ಜಾಗವಿತ್ತು. ಹೊಳೆಗೆ ನೀರು ಬಿಟ್ಟು ಕಂಪ್ಲಿ ಸೇತುವೆ ಮುಳುಗಿದ ದಿನ ನಾನು ಬುಕ್ಕಸಾಗರದ ಕಡೆಯ ಸೇತುವೆಯ ಮೇಲೆ ಸುತ್ತಿಕೊಂಡು ಗಂಗಾವತಿಗೆ ಹೋಗಿ ಪರೀಕ್ಷೆ ಬರೆದದ್ದನ್ನು ಅಲ್ಲಿ ಎಂಟು ಸಾಲಿನಲ್ಲಿ ತುಂಬಿದ್ದೆ. ಮೂರು ಸಲ ಕರಡು ಮಾಡಿ, ಒಳ್ಳೊಳ್ಳೆ ಪದ ಹಾಕಿ ಬರೆದದ್ದು. ಆ ಸೇತುವೆಯೇ ನನ್ನನ್ನು ದಾಟಿಸಿತು ಅಂತ ನಂಬಿದ್ದೆ.

ಕೆಲಸಕ್ಕೆ ಸೇರಿ ನಾಲ್ಕನೇ ತಿಂಗಳಿಗೆ ಅಕ್ಕ ನನ್ನನ್ನು ಬಳಗಕ್ಕೆ ಕಾರ್ಯದರ್ಶಿ ಮಾಡಿದರು. ಅಷ್ಟರಲ್ಲಿ ಹಳೆಯ ಮ್ಯಾನೇಜರು ಹೋಗಿ ಹೊಸಬರು ಬಂದಿದ್ದರು. ಮೈಸೂರು ಕಡೆಯವರು, ಮಾತು ಮೃದು, ಕೈಯಲ್ಲಿ ಸದಾ ಹಸಿರು ಇಂಕಿನ ಪೆನ್ನು. ಅವರ ಮುಂದೆ ಅಕ್ಕ ಕುರ್ಚಿಯ ವಿಷಯ ಮತ್ತೆ ಎತ್ತಲಿಲ್ಲ. ಸುಮ್ಮನೆ ಕುರ್ಚಿಯನ್ನು ಸರಿಸುತ್ತ ಹೋದರು. ಸಂದರ್ಶನದ ಆ ಕೋಣೆಯಲ್ಲಿ ಬಾಗಿಲಿನಿಂದ ಮೇಜಿಗೆ ಹನ್ನೊಂದು ಹಾಸುಗಲ್ಲು. ಪ್ರತಿ ಸಲ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಮೂರು ನಾಲ್ಕು ಕಲ್ಲು ಮುಂದಕ್ಕೆ ಇಡುತ್ತಿದ್ದರು. ನಾನು ಗುರುತು ಹಾಕಿಕೊಂಡಿದ್ದೇನೆ. ಬಾಗಿಲಿಂದ ಕಿಟಕಿ, ಕಿಟಕಿಯಿಂದ ಕಪಾಟು, ಕಪಾಟಿನಿಂದ ಮೇಜಿನ ಮೂಲೆ. ಮೇಜಿಗೆ ಮೊಣಕೈ ತಾಗಿದ ದಿನ ಮ್ಯಾನೇಜರು ಅಕ್ಕನ ಮುಂದೆಯೂ ಒಂದು ನೀರಿನ ಬಾಟಲಿ ಇಟ್ಟರು.

"ಬಾಟ್ಲಿ ಬಂತಂದ್ರ ಜಾಗ ಖಾಯಂ ಆತು" ಅಂದರು ಅಕ್ಕ, ಊಟದ ಹೊತ್ತಿಗೆ.

ಆ ಮ್ಯಾನೇಜರಿಗೆ ಅಕ್ಕ ಹೇಳಿದ ಮಾತು ನನ್ನ ಎರಡನೇ ನೋಟ್‌ಬುಕ್ಕಿನಲ್ಲಿದೆ. "ಸರ್, ಲಾರಿ ಒಂದೊಂದು ಒಂದೊಂದು ತೂಕ ಇರ್ತಾವ. ಖಾಲಿ ಗಾಡಿ ತೂಗ್ಲಾರ್ದ ಮಾಲು ಎಷ್ಟು ಐತಿ ಅಂತ ಹೆಂಗ ಹೇಳ್ತೀರಿ? ಅಪ್ಪ ಆಫೀಸರ್ ಇದ್ದ ಹುಡುಗಿ ಖಾಲಿ ಇದ್ದಾಗ್ಲೇ ಹತ್ತು ಟನ್ ತೂಗ್ತಾಳ. ಹಮಾಲಿ ಮಗಳದು ಬರೀ ಸೈಕಲ್ ಗಾಡಿ. ಇಬ್ರೂ ಬಂದು ಕಾಟಾದ ಮ್ಯಾಲ ನಿಂತ್ರ ನೀವು ಮುಳ್ಳು ನೋಡಿ ದೊಡ್ಡದನ್ನ ಆರಿಸ್ತೀರಿ. ಕಳೆದು ನೋಡ್ರಿ."

ಎಷ್ಟಕ್ಕೆ ಎದ್ದೆ, ಏನು ಮಾಡಿ ಬಂದೆ ಎಂಬ ಆಕೆಯ ಪ್ರಶ್ನೆ ಖಾಲಿ ತೂಕ ಕೇಳುವ ಪ್ರಶ್ನೆ.

ಈಗ ಎರಡು ವರ್ಷದ ಹಿಂದಿನ ಆ ಏಪ್ರಿಲ್‌ಗೆ ಬರುತ್ತೇನೆ. ನನ್ನ ತಪ್ಪನ್ನು ಬಿಟ್ಟು ಅಕ್ಕನನ್ನು ಬರೆದರೆ ಚಿತ್ರ ಅರ್ಧವಾಗುತ್ತದೆ.

ಆ ವರ್ಷ ನಮ್ಮ ಕಡೆಯ ಹಳ್ಳಿಗಳಿಂದ ಹದಿನಾಲ್ಕು ಹುಡುಗಿಯರು ಸಂದರ್ಶನದ ಪಟ್ಟಿಯಲ್ಲಿದ್ದರು. ಅವರಿಗೆ ಮೊದಲೇ ಒಂದು ದಿನ ಧೈರ್ಯ ಹೇಳಿ ಬರೋಣ ಎಂದು ಬಳಗ ತೀರ್ಮಾನಿಸಿತು. ಶನಿವಾರ ಅಕ್ಕನಿಗೆ ಪಾಳಿ ಇತ್ತು, ನಾನೇ ಹೋದೆ. ಬರಿಗೈಯಲ್ಲಿ ಹೋಗುವವಳಲ್ಲ ನಾನು. ಪ್ರತಿ ವರ್ಷ ಕೇಳುವ ಏಳು ಪ್ರಶ್ನೆ, ಅವಕ್ಕೆ ಏಳು ಮಾದರಿ ಉತ್ತರ, ಒಂದೇ ಹಾಳೆಯಲ್ಲಿ ಚಂದವಾಗಿ ಟೈಪ್ ಮಾಡಿ, ಹದಿನಾಲ್ಕು ಜೆರಾಕ್ಸ್ ತೆಗೆಸಿಕೊಂಡು ಹೋದೆ. 'ಎದುರಿಸಿದ ಒಂದು ಕಷ್ಟ' ಎಂಬಲ್ಲಿ ನನ್ನ ಸೇತುವೆಯನ್ನೇ ಇಟ್ಟೆ. ಇದು ಮಾದರಿ ಮಾತ್ರ, ನಿಮ್ಮದನ್ನು ಹೇಳಿ ಎಂದು ಹೇಳಿದೆನೆಂದು ನನ್ನ ನೆನಪು. ನೋಟ್‌ಬುಕ್ಕಿನಲ್ಲಿ ಹಾಗೆ ಬರೆದಿಲ್ಲ.

ಸಂಜೆ ಅಕ್ಕ ಫೋನ್ ಮಾಡಿದರು. "ಏನ್ ಹೇಳಿ ಬಂದೆವ್ವಾ?"

"ಧೈರ್ಯ ಹೇಳಿ ಬಂದೆ ಅಕ್ಕ."

ಮಂಗಳವಾರ ಹನ್ನೊಂದು ಗಂಟೆಗೆ ಸಂದರ್ಶನ ಶುರುವಾಯಿತು. ನಾನು ಬಾಗಿಲ ಹತ್ತಿರ ಕುಳಿತು ಹೆಸರು ಕರೆಯುವುದು, ಹೊತ್ತು ಬರೆಯುವುದು. ಮೊದಲು ಬಂದವಳು ಬುಕ್ಕಸಾಗರದ ಹುಡುಗಿ. ಕಷ್ಟದ ಪ್ರಶ್ನೆ ಬಂತು. ಅವಳು ಕಣ್ಣು ಮೇಲೆ ಮಾಡಿ, ಪದ್ಯ ಒಪ್ಪಿಸುವ ಹಾಗೆ, "ಕಂಪ್ಲಿ ಸೇತುವೆ ಮುಳುಗಿದಾಗ ನಾನು ಧೃತಿಗೆಡದೆ ಬುಕ್ಕಸಾಗರದ ಮಾರ್ಗವಾಗಿ ಸುತ್ತು ಹಾಕಿ ಗಂಗಾವತಿಗೆ ತೆರಳಿ ಪರೀಕ್ಷೆ ಬರೆದೆನು" ಎಂದಳು.

ಮ್ಯಾನೇಜರು ಅರ್ಜಿ ನೋಡಿದರು. "ನಿಮ್ಮ ಊರೇ ಬುಕ್ಕಸಾಗರ ಅಲ್ವೇನಮ್ಮಾ? ನಿಮ್ಮ ಮನೆ ಮುಂದೆಯೇ ಸುತ್ತು ಹಾಕಿದ್ಯಾ?"

ಹುಡುಗಿ ಮತ್ತೆ ಮೊದಲಿನಿಂದ ಒಪ್ಪಿಸಲು ಶುರು ಮಾಡಿದಳು.

ಎರಡನೆಯವಳದೂ ಸೇತುವೆ ಮುಳುಗಿತು. ಪಾಪಿನಾಯಕನಹಳ್ಳಿಯಿಂದ ಬಂದ ಮೂರನೆಯವಳದೂ ಮುಳುಗಿತು. ನಾಲ್ಕನೆಯವಳು ಸಂಡೂರಿನವಳು.

"ಸಂಡೂರು ಗುಡ್ಡದ ಊರು. ಕಂಪ್ಲಿ ಸೇತುವೆಗೂ ನಿನಗೂ ಏನಮ್ಮಾ ಸಂಬಂಧ?"

"ಸರ್... ನಮ್ಮ ದೊಡ್ಡವ್ವನ್ನ ಕಂಪ್ಲಿಗೆ ಕೊಟ್ಟೈತ್ರಿ."

ಪಕ್ಕದಲ್ಲಿದ್ದ ಎಂಜಿನಿಯರು ಕೆಮ್ಮಿ ನಗು ಮುಚ್ಚಿಕೊಂಡರು. ಮ್ಯಾನೇಜರು ನಗಲಿಲ್ಲ. ಆರನೆಯವಳೂ 'ಧೃತಿಗೆಡದೆ' ಅಂದಾಗ ಹಸಿರು ಪೆನ್ನಿನ ಮುಚ್ಚಳ ಹಾಕಿಬಿಟ್ಟರು. ಆರು ಜನ, ಆರು ಧೃತಿಗೆಡದೆ. ಹುಡುಗಿಯನ್ನು ಹೊರಗೆ ಕಳಿಸಿ ಅವರು ಮೆತ್ತಗೆ ಹೇಳಿದ್ದು ಇದು: "ಇದು ಬಾಯಿಪಾಠ. ಯಾರೋ ಪ್ರಶ್ನೆಗಳನ್ನ ಹೊರಗೆ ಬಿಟ್ಟಿದ್ದಾರೆ. ಹದಿನಾಲ್ಕು ಜನದ್ದೂ ರದ್ದು ಮಾಡಬೇಕಾಗುತ್ತೆ. ಬೇರೆ ದಾರಿ ಇಲ್ಲ."

ಹೊರಗೆ ವರಾಂಡದಲ್ಲಿ ಇನ್ನೂ ಎಂಟು ಹುಡುಗಿಯರು ಗೋಡೆಗೆ ಮುಖ ಮಾಡಿ, ತುಟಿ ಆಡಿಸುತ್ತ ನನ್ನ ಹಾಳೆ ಉರುಹೊಡೆಯುತ್ತಿದ್ದರು. ತೆರೆದ ಬಾಗಿಲಿನಿಂದ ಕಾಣುತ್ತಿತ್ತು. ನಾನು ಎದ್ದು ನಿಲ್ಲಬೇಕಿತ್ತು. ನಿಲ್ಲಲಿಲ್ಲ. ನನಗೆ ಆಗ ಪ್ರೊಬೇಷನ್ ಮುಗಿಯಲು ಹತ್ತೊಂಬತ್ತು ದಿನ ಬಾಕಿ.

ಅಕ್ಕ ನನ್ನ ಕಡೆ ಒಮ್ಮೆ ನೋಡಿದರು. ಕ್ಯಾಂಟೀನಿನಲ್ಲಿ ಆ ಸೇತುವೆಯ ಕಥೆಯನ್ನು ನನ್ನ ಬಾಯಿಂದ ಆಕೆ ಎಷ್ಟೋ ಸಲ ಕೇಳಿದ್ದರು. ಕನ್ನಡಕ ತೆಗೆದು ಇಳಿಬಿಟ್ಟು ಎದ್ದರು.

"ಸರ್, ಹೇಳಿಕೊಟ್ಟೋರು ನಾವು. ಬಳಗದೋರು. ತಪ್ಪು ನಮ್ದು, ಹುಡುಗ್ಯಾರ್ದಲ್ಲ."

"ನೀವು ಅಂದ್ರೆ ಯಾರು?"

"ಬಳಗಕ್ಕ ಅಧ್ಯಕ್ಷಿ ನಾನು. ನನ್ನ ಹೆಸರು ಬರ್ಕೊಳ್ರಿ."

"ಬರ್ಕೋತೀನಿ. ಆದರೆ ಇವರದ್ದೇನು ಮಾಡೋದು?"

"ಲಾರಿ ಒಂದು ಗಾಲಿ ಕಾಟಾದ ಹೊರಗ ಇಟ್ಟು ನಿಂತ್ರ ತೂಕ ತಪ್ಪು ಬರ್ತೈತ್ರಿ. ಹಂಗಂತ ಮಾಲು ವಾಪಸ್ ಕಳಸ್ತೀವೇನ್ರಿ? ಹಿಂದಕ್ಕ ತಗೊ ಅಂತೀವಿ, ನೆಟ್ಟಗ ನಿಲ್ಲಿಸ್ತೀವಿ, ಇನ್ನೊಮ್ಮೆ ತೂಗ್ತೀವಿ. ಪ್ರಶ್ನಿ ಬದಲು ಮಾಡಿ ಇನ್ನೊಮ್ಮೆ ಕೇಳ್ರಿ. ಅವಾಗ್ಲೂ ಬರಲಿಲ್ಲಂದ್ರ ಕಳಸ್ರಿ, ನಾನೇ ಬಸ್ಸು ಹತ್ತಿಸಿ ಬರ್ತೀನಿ."

ಮ್ಯಾನೇಜರು ಗಡಿಯಾರ ನೋಡಿದರು. ಹನ್ನೊಂದೂ ನಲವತ್ತು. ಚಹಾ ತರಿಸಿದರು. ಹನ್ನೆರಡೂ ಐದಕ್ಕೆ, "ಸರಿ, ನಿಮ್ಮ ಪ್ರಶ್ನೆಯಿಂದಲೇ ಶುರು ಮಾಡಿ" ಎಂದರು.

ಅಕ್ಕ ವರಾಂಡಕ್ಕೆ ಹೋಗಿ ಎಲ್ಲರ ಕೈಯಿಂದ ಹಾಳೆ ಇಸಿದುಕೊಂಡರು. ಹದಿನಾಲ್ಕನ್ನೂ ಮಡಿಸಿ ಅಂಗಿಯ ಜೇಬಿಗೆ ತುರುಕಿ, "ಸೇತುವಿ ಸಾಕವ್ವಾ, ನಡ್ಕೊಂಡ್ ಬರ್ರಿ" ಎಂದರು. ಹುಡುಗಿಯರು ನಕ್ಕರು.

ಸಂಡೂರಿನವಳನ್ನು ಮತ್ತೆ ಕರೆದರು. ಎಷ್ಟಕ್ಕ ಎದ್ದಿ ಎಂದು ಅಕ್ಕ ಕೇಳಿದರು.

"ಐದಕ್ರೀ. ಅಪ್ಪಂದು ಪಂಕ್ಚರ್ ಅಂಗಡಿ ಐತ್ರಿ. ಒಂದು ಲಾರಿ ಬಂದಿತ್ತು, ಗಾಲಿ ಬಿಚ್ಚಿಕೊಟ್ಟು ಬಂದೆ."

ಎಂಜಿನಿಯರು ತಲೆ ಎತ್ತಿದರು. "ಯಾರು, ನೀನಾ? ಲಾರಿ ಗಾಲಿನಾ?"

"ಹೂಂನ್ರಿ. ಬೋಲ್ಟು ಬಿಗಿ ಇದ್ರ ಪಾನಾಕ್ಕ ಉದ್ದನ್ನ ಪೈಪು ಸಿಗಸ್ತೀನ್ರಿ. ಪೈಪು ಉದ್ದ ಇದ್ದಷ್ಟು ತಾಕತ್ತು ಕಮ್ಮಿ ಬೇಕು. ತುದಿ ಮ್ಯಾಲ ನಿಂತ್ರ ನನ್ನ ತೂಕಕ್ಕೇ ಬಿಚ್ಚಿಕೊಂತೈತಿ."

ಎಂಜಿನಿಯರು ಒಂದು ಖಾಲಿ ಹಾಳೆ ತಳ್ಳಿ ಚಿತ್ರ ಬರೆದು ತೋರಿಸು ಎಂದರು. ಅವಳು ಬರೆದಳು. ಇಪ್ಪತ್ತೆರಡು ನಿಮಿಷ ಮಾತಾಡಿದರು. ಬೆಳಿಗ್ಗೆ ಅವಳಿಗೆ ನಾಲ್ಕು ನಿಮಿಷ ಹಿಡಿದಿತ್ತು.

ಹಂಪಿ ಬಜಾರಿನಲ್ಲಿ ತಾಯಿಯ ಜೊತೆ ಬಾಳೆಹಣ್ಣು ಮಾರುವ ಹುಡುಗಿ ಒಬ್ಬಳಿದ್ದಳು. ನನ್ನ ಹಾಳೆಯನ್ನು ಒಪ್ಪಿಸುವಾಗ ತೊದಲಿದವಳು, ಪ್ರವಾಸಿಗರಿಗೆ ದಾರಿ ಹೇಳುವುದು ಹೇಗೆ ಎಂದು ಕೇಳಿದರೆ ಇಂಗ್ಲಿಷಿನಲ್ಲಿ ಮ್ಯಾನೇಜರನ್ನೇ ಆನೆ ಲಾಯದವರೆಗೆ ನಡೆಸಿಕೊಂಡು ಹೋದಳು. ಬುಕ್ಕಸಾಗರದವಳು ನಾಲ್ಕು ಗಂಟೆಗೆ ಎದ್ದು ಗದ್ದೆಗೆ ಕಾಲುವೆ ನೀರು ತಿರುಗಿಸಿ ಬಂದಿದ್ದಳು. ಎಷ್ಟು ಹೊತ್ತಿಗೆ ಎಷ್ಟು ಮಡಿ ತುಂಬುತ್ತದೆ ಎಂಬ ಲೆಕ್ಕ ಅವಳ ಬೆರಳ ತುದಿಯಲ್ಲಿತ್ತು. ಸಂಜೆ ಆರೂ ಹತ್ತಕ್ಕೆ ಮುಗಿಯಿತು. ಒಂಬತ್ತು ಜನ ಆಯ್ಕೆಯಾದರು. ಅದರ ಹಿಂದಿನ ವರ್ಷ ನಾಲ್ಕು.

ಬಸ್ ನಿಲ್ದಾಣದವರೆಗೆ ನಾನೂ ಅಕ್ಕನೂ ನಡೆದೆವು. ನನಗೆ ಅಳು. ಆಕೆ ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು, ಬೆಂಚಿನ ಮೇಲೆ ಕುಳಿತು ಪೊಟ್ಟಣ ಬಿಚ್ಚಿದರು.

"ತಿನ್ನು ಮೊದ್ಲು. ಅಲ್ಲಲೇ, ನೀ ಸೇತುವಿಗೆ ಆಯ್ಕೆ ಆದಿ ಅಂತ ತಿಳ್ಕೊಂಡಿದ್ದೇನು? ಆ ಅರ್ಜಿ ಯಾರೂ ಓದಿಲ್ಲ. ನಿನ್ನ ತಗೊಂಡಿದ್ದು ಹನ್ನೊಂದು ರೊಟ್ಟಿಗೆ."

ನಾಳೆ ಸಾಹೇಬರ ಹತ್ತಿರ ಹೋಗಿ ಹೇಳುತ್ತೇನೆ ಅಂದೆ.

"ಅದು ನಿನಗ ಬಿಟ್ಟಿದ್ದು. ಯಾವಾಗ ಬರ್ತೈತೋ ಅವಾಗ ಹೇಳು."

ಬರಲಿಲ್ಲ. ಮರುದಿನ ಹೇಳಲಿಲ್ಲ, ಪ್ರೊಬೇಷನ್ ಮುಗಿದ ಮೇಲೂ ಹೇಳಲಿಲ್ಲ. ಮೇ ಒಂಬತ್ತರಂದು ಆದೇಶ ಬಂತು: ಬಳಗದ ಅಧ್ಯಕ್ಷೆ ಇನ್ನು ಮುಂದೆ ಸಂದರ್ಶನದ ಕೋಣೆಯಲ್ಲಿ ಕೂರುವಂತಿಲ್ಲ. ಹನ್ನೊಂದು ಹಾಸುಗಲ್ಲು ಗೆದ್ದುಕೊಂಡಿದ್ದ ಕುರ್ಚಿ ಒಂದೇ ದಿನಕ್ಕೆ ವರಾಂಡಕ್ಕೆ ಹೋಯಿತು. ಅಲ್ಲಿ ಆಕೆ ಗೊಣಗಿದ್ದನ್ನು ನಾನು ನೋಡಲಿಲ್ಲ. ಹೊರಗೆ ಕಾಯುತ್ತಿದ್ದ ಹುಡುಗಿಯರ ನಡುವೆ ಕುಳಿತು, ಎಷ್ಟಕ್ಕ ಎದ್ದೆವ್ವಾ, ಯಾವ ಬಸ್ಸಿಗೆ ಬಂದಿ ಎಂದು ಕೇಳುತ್ತಿದ್ದರು. ಒಳಗೆ ಹೋಗುವ ಹೊತ್ತಿಗೆ ಅವರು ತಮ್ಮದೇ ಮಾತನ್ನು ಒಂದು ಸಲ ಆಡಿ ನೋಡಿರುತ್ತಿದ್ದರು. ಆದರೂ ಪ್ರತಿ ಆಯ್ಕೆಯ ದಿನ ಆ ಕುರ್ಚಿ ನೋಡಿದಾಗ ನನಗೆ ಊಟ ಸೇರುತ್ತಿರಲಿಲ್ಲ. ಹಾಗೆ ಆರು ದಿನ. ಆರಕ್ಕೂ ತಾರೀಖು ಇದೆ.

ನಿನ್ನೆ ಕ್ಯಾಂಟೀನಿನಲ್ಲಿ ಮೂರನೇ ಭಾಷಣ ಮ್ಯಾನೇಜರದು. ಅಕ್ಕನ ಶಿಸ್ತು, ಸೇವೆ ಎಲ್ಲ ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದಾಗ ನಾನು ಎದ್ದು ನಿಂತದ್ದು ನನಗೇ ಆಮೇಲೆ ಗೊತ್ತಾಯಿತು.

"ಆ ಹಾಳೆ ಟೈಪ್ ಮಾಡಿದ್ದು ನಾನು. ಕಂಪ್ಲಿ ಸೇತುವೆ ನನ್ನದು. ಅಕ್ಕನಿಗೆ ಗೊತ್ತೇ ಇರಲಿಲ್ಲ. ಆಕೆಯ ಹೆಸರಿನ ಮುಂದೆ ಬರೆದದ್ದು ಅಳಿಸಬೇಕು ಸರ್, ನನ್ನದು ಬರೆಯಬೇಕು."

ಹಿಂದಿನ ಬೆಂಚಿನಿಂದ ಕಿಸಕ್ಕನೆ ನಗು. ಆ ಒಂಬತ್ತು ಹುಡುಗಿಯರು ಅಲ್ಲೇ ಕುಳಿತಿದ್ದರು. "ಸೇತುವಿ ಅಕ್ಕ ಮಾತಾಡಿದ್ಳು!" ಅಂತ ಸಂಡೂರಿನವಳು. ಎರಡು ವರ್ಷದಿಂದ ಬೆನ್ನ ಹಿಂದೆ ನನಗೆ ಅದೇ ಹೆಸರಂತೆ.

ಮ್ಯಾನೇಜರೂ ನಗುತ್ತಿದ್ದರು. "ನನಗೆ ಆ ವಾರವೇ ಗೊತ್ತಾಯ್ತಮ್ಮಾ. ಹಳೇ ಅರ್ಜಿ ಎಲ್ಲ ತೆಗೆಸಿ ನೋಡಿದೆ. ನಿನ್ನದರಲ್ಲೂ ಧೃತಿಗೆಡದೆ ಅಂತಲೇ ಇತ್ತು. ಆದೇಶ ಬದಲಾಯಿಸೋಣ ಅಂತ ಇವರ ಹತ್ತಿರ ಹೋದೆ. ಇವರೇ ಬೇಡ ಅಂದ್ರು."

ಎಲ್ಲರೂ ಅಕ್ಕನ ಕಡೆ ನೋಡಿದರು. ಆಕೆ ಶಾಲಿನ ಅಂಚು ಮಡಿಸುತ್ತ ಕುಳಿತಿದ್ದರು.

"ಒಳಗ ಕುಂತ್ರ ಒಬ್ಬಾಕಿ ಸಿಗ್ತಾಳ್ರಿ, ಹೊರಗ ಎಲ್ಲಾರೂ ಸಿಗ್ತಾರ. ಅದಕ್ಕ ಬ್ಯಾಡ ಅಂದೆ. ಇಕಿ ಹೇಳ್ತಾಳ, ತಡೀರಿ ಅಂತ್ಲೂ ಅಂದಿದ್ದೆ." ಅಕ್ಕ ಎಲ್ಲರಿಗೂ ಆಡಿದ್ದು ಅಷ್ಟೇ, ಅದನ್ನು ನಾನು ಭಾಷಣದ ಲೆಕ್ಕಕ್ಕೆ ಹಿಡಿದಿಲ್ಲ. ನನ್ನ ಕಡೆ ತಿರುಗಿ, "ಭಾಳ ತಡಾ ಮಾಡಿದಿ ಲೇ. ನಾ ರಿಟೈರ್ ಆಗೋತನ ಕಾಯ್ಬೇಕಾತು."

ಅಂಗಿಯ ಜೇಬಿನಿಂದ ಮಡಿಸಿದ ಕಾಗದದ ಕಟ್ಟು ತೆಗೆದು ನನ್ನ ಕೈಗಿಟ್ಟರು. ಎಣಿಸಿದೆ. ಹದಿನಾಲ್ಕು.

ಸೋಮವಾರ ಆ ಕಡತದಲ್ಲಿ ಒಂದು ಸಾಲು ಸೇರಿಸುವುದಾಗಿ ಮ್ಯಾನೇಜರು ಹೇಳಿದ್ದಾರೆ. ಸೇರಿಸಿದ ಮೇಲೆ ತಾರೀಖು ಬರೆದುಕೊಳ್ಳುತ್ತೇನೆ.

ಐದು ಗಂಟೆಗೆ ಅಕ್ಕ ಗೇಟಿನ ಕಡೆ ಹೊರಟಾಗ ಡ್ರೈವರುಗಳು ಅಡ್ಡ ಹಾಕಿದರು. ಇಷ್ಟು ವರ್ಷ ನಮ್ಮನ್ನ ಇಳಿಸಿದ್ದಕ್ಕ ಇವತ್ತು ನೀವು ಕಾಟಾ ಹತ್ರಿ ಎಂದು ಹಟ ಹಿಡಿದರು. ಹಾರ, ಶಾಲು, ಚೀಲ ಎಲ್ಲ ಹಿಡಿದುಕೊಂಡು ಅಕ್ಕ ಅಷ್ಟು ದೊಡ್ಡ ಕಟ್ಟೆಯ ನಡುವೆ ಒಬ್ಬರೇ ನಿಂತರು. ಫಲಕದಲ್ಲಿ ಅರವತ್ತು ಎಂದು ಕೆಂಪಗೆ ಬಂತು. ಡ್ರೈವರುಗಳು ಸಿಳ್ಳೆ ಹೊಡೆದರು.

"ಇದು ತುಂಬಿದ ತೂಕ" ಅಂದರು ಅಕ್ಕ.

"ಖಾಲಿ ತೂಕ ಎಷ್ಟು ಅಕ್ಕ?" ಎಂದು ನಾನು ಕೇಳಿದೆ. ಆಕೆ ಎಲ್ಲರನ್ನೂ ಕೇಳಿದ ಪ್ರಶ್ನೆಯನ್ನು ಆಕೆಗೆ ಕೇಳಿದ್ದು ಅದೇ ಮೊದಲು.

ಅಕ್ಕ ನಕ್ಕು ಕೆಳಗಿಳಿದರು. ಚೀಲ ಹೆಗಲಿಗೆ ಹಾಕಿಕೊಂಡು ಕಂಪ್ಲಿಯ ಬಸ್ಸೂ ಅಲ್ಲ, ಸಂಡೂರಿನದೂ ಅಲ್ಲ, ಕೈ ತೋರಿಸಿದ ಮೊದಲ ಬಸ್ಸನ್ನೇ ಹತ್ತಿದರು. ಐದೂ ಹದಿನೇಳು.

ಐದು ನೋಟ್‌ಬುಕ್ ತಿರುವಿ ನೋಡಿದೆ. ಆ ಹದಿನಾಲ್ಕು ಹುಡುಗಿಯರು ಎಷ್ಟಕ್ಕೆ ಎದ್ದರು, ಏನು ಮಾಡಿ ಬಂದರು ಎಂಬುದೆಲ್ಲ ಇದೆ. ಅಕ್ಕನ ಬಾಲ್ಯದ ಬಗ್ಗೆ ಮೂರು ಸಾಲು ಮಾತ್ರ, ಮೂರೂ ಬೇರೆಯವರು ಹೇಳಿದ್ದು, ಒಂದಕ್ಕೊಂದು ತಾಳೆಯಾಗುವುದಿಲ್ಲ. ಸಂಡೂರಿನ ಗಣಿಯಲ್ಲಿ ಕೈಯಿಂದ ಅದಿರು ಆರಿಸುತ್ತಿದ್ದವರ ಮಗಳು ಎಂದು ಒಬ್ಬರು. ಕಂಪ್ಲಿ ಕಡೆ ಕಬ್ಬು ಕಡಿಯಲು ಬಂದವರ ಮನೆಯವಳು ಎಂದು ಒಬ್ಬರು. ಪಾಪಿನಾಯಕನಹಳ್ಳಿಯಲ್ಲಿ ಸೋದರತ್ತೆಯ ಮನೆಯಲ್ಲಿ ಬೆಳೆದು, ಏಳನೇ ತರಗತಿಯವರೆಗೆ ದನ ಕಾಯುತ್ತ ಓದಿದವಳು ಎಂದು ಇನ್ನೊಬ್ಬರು.

ಈಗ ಎಂಟೂ ಐದು. ಇದನ್ನು ಓದಿದವರಲ್ಲಿ ಯಾರಾದರೂ ಆಕೆಯನ್ನು ಆಗ ಕಂಡವರಿದ್ದರೆ, ಇನ್ನೂ ಕಾಟಾ ಅಕ್ಕ ಆಗಿರದಿದ್ದ ಆ ಹುಡುಗಿ ಬೆಳಿಗ್ಗೆ ಎಷ್ಟಕ್ಕೆ ಏಳುತ್ತಿದ್ದಳು, ಶಾಲೆಗೆ ಬರುವುದರೊಳಗೆ ಏನೇನು ಮಾಡಿ ಬರುತ್ತಿದ್ದಳು ಎಂಬುದನ್ನು ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ಬರೆದು ತಿಳಿಸಿ. ಹೆಸರು ಬರೆಯಬೇಡಿ. ಆರನೇ ನೋಟ್‌ಬುಕ್ಕಿನ ಮೊದಲ ಪುಟ ಬಿಟ್ಟಿದ್ದೇನೆ.